ಕಡಿಮೆ ದುಡ್ಡಿಗೆ ಒಳ್ಳೆಯ ದನಿ

ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ಮನೆಗೊಂದು ಸೌಂಡ್ ಸಿಸ್ಟಂ ತರೋಣವೆಂದು ಅಂಗಡಿ ಹತ್ತಿದವರ ಕಿವಿಗೆ ಮೊದಲು ಬೀಳುವ ಮಾತು ವ್ಯಾಟ್, ಎರಡನೆಯದು ಬೇಸ್. ನಾಲ್ಕೈದು ಸಾವಿರದ ಡಬ್ಬಿಯ ಮೇಲೂ ಸಾವಿರಗಟ್ಟಲೆ ವ್ಯಾಟ್ ಅಚ್ಚಾಗಿರುತ್ತದೆ. ಅಂಗಡಿಯವರು ಪೆನ್‌ಡ್ರೈವ್ ಸಿಕ್ಕಿಸಿ, ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿ, ಎದೆಗೆ ಗುದ್ದುವಂಥ ಒಂದು ಹಾಡು ಹಾಕುತ್ತಾರೆ. ಹಾಡಿನ ಮಾತು ಬಿಡಿಬಿಡಿಯಾಗಿ ಕೇಳುತ್ತಿದೆಯೇ, ಹಾಡುತ್ತಿರುವವರ ದನಿ ಎದುರಿಗೆ ಕೂತು ಹಾಡಿದಂತೆ ಇದೆಯೇ ಎಂದು ಅಲ್ಲಿ ಕೇಳುವವರು ಅಪರೂಪ. ಕೈಯಲ್ಲಿ ಹಣ ಕಡಿಮೆ ಇದ್ದಾಗ ಕೇಳಬೇಕಾದ್ದು ಅದೊಂದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ. ಮನುಷ್ಯರ ಕಂಠ ಸರಿಯಾಗಿ ಬಂದರೆ ವೀಣೆ, ಪಿಟೀಲು, ಕೊಳಲು, ಹಾರ್ಮೋನಿಯಂ ಬಹುಪಾಲು ತಾವಾಗಿಯೇ ಸರಿಹೋಗುತ್ತವೆ. ಕಂಠ ಕೆಟ್ಟರೆ ಉಳಿದದ್ದು ಎಷ್ಟೇ ಗಟ್ಟಿಯಾಗಿದ್ದರೂ ಅರ್ಧ ಗಂಟೆಯಲ್ಲಿ ತಲೆನೋವು.

ಇದಕ್ಕೆ ಲೆಕ್ಕದ ಬೆಂಬಲವೂ ಇದೆ. ಗಂಡಸರ ಮಾತಿನ ಮೂಲ ಸ್ವರ ಸಾಮಾನ್ಯವಾಗಿ 85ರಿಂದ 155 ಹರ್ಟ್ಸ್ ನಡುವೆ, ಹೆಂಗಸರದು 165ರಿಂದ 255ರ ನಡುವೆ ಇರುತ್ತದೆ. ವ್ಯಂಜನಗಳ ಸ್ಪಷ್ಟತೆಯೆಲ್ಲ ಒಂದು ಸಾವಿರದಿಂದ ಎಂಟು ಸಾವಿರ ಹರ್ಟ್ಸ್‌ವರೆಗಿನ ಭಾಗದಲ್ಲಿದೆ. ತಗ್ಗಿನ ಸ್ವರಗಳಿಗೆ ಐದಾರು ಇಂಚಿನ ಒಂದು ಊಫರ್, ಮೇಲಿನ ಸ್ವರಗಳಿಗೊಂದು ಟ್ವೀಟರ್ ಇದ್ದರೆ ಇಷ್ಟೂ ಆರಾಮವಾಗಿ ಬರುತ್ತದೆ. ಅದಕ್ಕಿಂತ ಕೆಳಗಿಳಿದಂತೆ ಖರ್ಚು ಏರತೊಡಗುತ್ತದೆ. ಸ್ವರ ಒಂದು ಸ್ಥಾಯಿ ಕೆಳಗಿಳಿದಾಗಲೂ ಅಷ್ಟೇ ಒತ್ತಡ ಹುಟ್ಟಬೇಕಾದರೆ ಸ್ಪೀಕರ್ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಎಂದರೆ 80 ಹರ್ಟ್ಸ್‌ನಿಂದ 40ಕ್ಕೆ ಇಳಿಯಲು ದೊಡ್ಡ ಕೋನ್, ದೊಡ್ಡ ಪೆಟ್ಟಿಗೆ, ದೊಡ್ಡ ಆಂಪ್ಲಿಫೈಯರ್ ಎಲ್ಲವೂ ಬೇಕು. ಅಗ್ಗದ ಸೆಟ್ ಮಾಡುವವರಿಗೆ ಆ ಖರ್ಚು ಹೊರಲು ಆಗುವುದಿಲ್ಲ. ಹಾಗಾಗಿ 100 ಹರ್ಟ್ಸ್ ಆಸುಪಾಸಿನಲ್ಲಿ ದನಿಯನ್ನು ಉಬ್ಬಿಸಿ ಅದನ್ನೇ ಬೇಸ್ ಎಂದು ಮಾರುತ್ತಾರೆ. ಆ ಉಬ್ಬು ಬಂದು ಕೂರುವುದು ನೇರವಾಗಿ ಗಂಡಸಿನ ದನಿಯ ಮೇಲೆ. ವಾರ್ತೆ ಓದುವವರು ಕೊಡದೊಳಗಿಂದ ಮಾತಾಡಿದಂತೆ ಕೇಳುವುದು ಇದರಿಂದಲೇ.

ಈ ಸೀಮೆಯ ಕಿವಿಗಳಿಗೆ ಕಂಠದ ಅಭ್ಯಾಸ ಹಳೆಯದು. ಹಿಂದೂಪುರ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿ; 2022ರ ಏಪ್ರಿಲ್‌ವರೆಗೆ ಎರಡೂ ಒಂದೇ ಜಿಲ್ಲೆಯವು. ಪಕ್ಕದ ಮಡಕಶಿರಾ, ರಾಯದುರ್ಗದ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ರಾಯದುರ್ಗವಂತೂ 1953ರಲ್ಲಿ ಆಂಧ್ರ ರಾಜ್ಯ ಹುಟ್ಟುವವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಮಧ್ಯಮ ತರಂಗದ 612 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿ ಬೆಂಗಳೂರು ಆಕಾಶವಾಣಿಯ ಕನ್ನಡ ವಾರ್ತೆ ಕೇಳಿ, ಅದೇ ಮುಳ್ಳನ್ನು ತೆಲುಗು ನಾಟಕಕ್ಕೆ ಸರಿಸುತ್ತಿದ್ದ ಜನ ಇಲ್ಲಿಯವರು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಮೇಲೆ ಭಾವಗೀತೆಯೂ ಟೇಪ್‌ರೆಕಾರ್ಡರ್ ಇದ್ದ ಮನೆಗಳೊಳಗೆ ಕಾಲಿಟ್ಟಿತು. ಅನ್ನಮಾಚಾರ್ಯರ ಎಷ್ಟೋ ಕೀರ್ತನೆಗಳಿಗೆ ರಾಗ ಹಾಕಿದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು (1893–1979) ಹುಟ್ಟಿದ್ದು ಕಲ್ಯಾಣದುರ್ಗದ ಹತ್ತಿರದ ಕಂಬದೂರು ಕಡೆಯ ರಾಳ್ಲಪಲ್ಲಿಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದ ಅವರು ತೆಲುಗು, ಕನ್ನಡ ಎರಡರಲ್ಲೂ ಬರೆದರು. 1974ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಅವರಿಗೆ ಬಂತು. ಸಾಹಿತ್ಯದ ಒಂದೊಂದು ಅಕ್ಷರಕ್ಕೂ ಬೆಲೆ ಕೊಟ್ಟ ಸಂಗೀತದ ನಾಡಿದು. ಜೊತೆಗೆ ಅನಂತಪುರ ಸೀಮೆಯ ಉರುಮೆಯೂ ಇದೆ, ಹಬ್ಬದ ತಮಟೆಯೂ ಇದೆ. ಮನೆಯ ಸೆಟ್‌ನಿಂದ ಕೇಳಬೇಕಾದ್ದು ಮೊದಲು ಮಾತು, ಆಮೇಲೆ ಹಾಡು, ಅದರ ಬೆನ್ನಿಗೆ ಚರ್ಮವಾದ್ಯದ ಪೆಟ್ಟು. ಖರ್ಚಿನ ಕ್ರಮವೂ ಇದೇ ಆಗಬೇಕು.

ಇನ್ನು ವ್ಯಾಟಿನ ವಿಚಾರ. ಡಬ್ಬಿಯ ಮೇಲಿನ ‘ಪಿಎಂಪಿಓ’ ಎಂಬ ಅಂಕಿಗೆ ಯಾವ ಒಪ್ಪಿತ ಅಳತೆಯ ಕ್ರಮವೂ ಇಲ್ಲ. ಅದನ್ನು ಓದದೆ ಬಿಡುವುದೇ ಲೇಸು. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಎಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ನಮ್ಮ ಕಡೆಯ ಅಸೆಂಬಲ್ ಅಂಗಡಿಗಳಲ್ಲಿ ಬಹಳ ಕಾಲದಿಂದ ಓಡುತ್ತಿರುವ ‘4440 ಬೋರ್ಡ್’ ತೆಗೆದುಕೊಳ್ಳಿ. ಅದರ ಮೇಲಿರುವ ಎಲ್‌ಎ4440 ಐಸಿ ಮೂಲತಃ ಸಾನ್ಯೊ ಕಂಪನಿಯದು. ಕಂಪನಿಯೇ ಕೊಟ್ಟ ಲೆಕ್ಕದ ಪ್ರಕಾರ ಅದು ಎರಡು ಚಾನೆಲ್‌ಗಳಲ್ಲಿ ತಲಾ 6 ವ್ಯಾಟ್, ಬ್ರಿಡ್ಜ್ ಮಾಡಿದರೆ 19 ವ್ಯಾಟ್ ಕೊಡುತ್ತದೆ. ಅದೂ ದನಿ ಶೇಕಡಾ 10ರಷ್ಟು ಒಡೆದಿರುವಾಗ. ಅದೇ ಐಸಿ ಹಾಕಿದ ಪೆಟ್ಟಿಗೆಯ ಮೇಲೆ ನೂರು, ಇನ್ನೂರು ವ್ಯಾಟ್ ಎಂಬ ಸ್ಟಿಕರ್ ಇರುತ್ತದೆ.

ಆದರೆ ಆರು ವ್ಯಾಟ್ ಎಂದರೆ ತೀರಾ ಕಡಿಮೆ ಎಂದು ಭಾವಿಸುವುದೂ ತಪ್ಪು. ಸ್ಪೀಕರ್‌ಗೆ ಸೂಕ್ಷ್ಮತೆ ಎಂಬ ಒಂದು ಅಳತೆ ಇದೆ: ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬುದು. ಸಾಧಾರಣ ಮನೆ ಸ್ಪೀಕರ್‌ನದು 86 ಡೆಸಿಬಲ್ ಇದ್ದರೆ, ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಎಂಟಡಿ ದೂರ ಕೂತವರಿಗೂ ಒಂದು ವ್ಯಾಟಿನಲ್ಲಿ 80ರ ಆಸುಪಾಸು ಕೇಳುತ್ತದೆ. ಮನೆಯಲ್ಲಿ ನೆಮ್ಮದಿಯಾಗಿ ಹಾಡು ಕೇಳುವ ಮಟ್ಟ 70–75. ಅಂದರೆ ಹೆಚ್ಚಿನ ಹೊತ್ತು ನಮಗೆ ಬೇಕಾಗುವುದು ಒಂದು ವ್ಯಾಟಿಗಿಂತ ಕಡಿಮೆ. ಮೃದಂಗದ ಪೆಟ್ಟು, ಹಾಡುಗಾರರ ತಾರಸ್ಥಾಯಿಯಂಥ ಕ್ಷಣಗಳಿಗೆ ಹತ್ತಿಪ್ಪತ್ತು ವ್ಯಾಟ್ ಮೀಸಲಿದ್ದರೆ ಸಾಕು. ವ್ಯಾಟ್ ಇಮ್ಮಡಿಯಾದರೆ ಏರುವುದು ಮೂರೇ ಡೆಸಿಬಲ್. ಕಿವಿಗೆ ಇಮ್ಮಡಿ ಗಟ್ಟಿ ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಪ್ರಾಮಾಣಿಕವಾದ ಇಪ್ಪತ್ತು ವ್ಯಾಟ್ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ, ಉಳಿದ ಹಣವನ್ನು ಸ್ಪೀಕರ್‌ಗೆ ಹಾಕಬೇಕು.

ಎಷ್ಟು ಹಾಕಬೇಕು? ಹತ್ತು ಸಾವಿರ ಇದ್ದರೆ ಆರೂವರೆ-ಏಳು ಸಾವಿರ. ಮೂರು ಸಾವಿರ ಇದ್ದರೆ ಎರಡು. ಬೇರೆ ಯಾವ ಭಾಗವೂ ದನಿಯನ್ನು ಸ್ಪೀಕರ್‌ನಷ್ಟು ಬದಲಿಸುವುದಿಲ್ಲ. ಒಟ್ಟಾವದ ಕೆನಡಾ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಸ್ಪೀಕರ್‌ಗಳನ್ನು ಪರದೆಯ ಹಿಂದಿಟ್ಟು, ಕೇಳುಗರಿಗೆ ಹೆಸರೂ ಬೆಲೆಯೂ ತಿಳಿಯದಂತೆ ಪರೀಕ್ಷೆ ನಡೆಸಿದರು. 1986ರಲ್ಲಿ ಪ್ರಕಟವಾದ ಅವರ ಲೇಖನಗಳ ತಿರುಳು ಇಷ್ಟು: ಹೆಸರು ಕಾಣದಿದ್ದಾಗ ಜನರ ಆಯ್ಕೆಗಳು ಆಶ್ಚರ್ಯಪಡುವಷ್ಟು ಒಂದೇ ಕಡೆ ವಾಲುತ್ತವೆ. ಕೆಳಗಿಂದ ಮೇಲಿನವರೆಗೆ ಯಾವ ಸ್ವರವನ್ನೂ ಉಬ್ಬಿಸದೆ ತಗ್ಗಿಸದೆ ಕೊಡುವ, ನೇರ ಎದುರಿಗೂ ಪಕ್ಕಕ್ಕೂ ಒಂದೇ ಬಗೆಯ ದನಿ ಹರಡುವ ಸ್ಪೀಕರನ್ನೇ ಅವರು ಮೆಚ್ಚುತ್ತಾರೆ. ಬಡ ಬಜೆಟ್‌ನವರಿಗೆ ಇದು ಬಹಳ ಒಳ್ಳೆಯ ಸುದ್ದಿ. ಸಮತೋಲ ಎಂಬುದು ವಿನ್ಯಾಸದಲ್ಲಿದೆ. ಗಾತ್ರದಲ್ಲಾಗಲಿ ಮೆರುಗಿನಲ್ಲಾಗಲಿ ಇಲ್ಲ.

ನಮ್ಮ ಊರಿನ ಅಸೆಂಬಲ್ ಪೆಟ್ಟಿಗೆ ಸೋಲುವುದು ಈ ಸಮತೋಲದಲ್ಲೇ. ಒಂದನ್ನು ಬಿಚ್ಚಿ ನೋಡಿ. ಸನ್‌ಮೈಕಾ ಅಂಟಿಸಿದ ಹಲಗೆಯ ಹಿಂಬದಿಯ ಆರು ಸ್ಕ್ರೂ ತೆಗೆದರೆ ಒಳಗೆ ಆರಿಂಚಿನ ಊಫರ್, ಅದರ ಮೇಲೊಂದು ಟ್ವೀಟರ್, ಟ್ವೀಟರ್‌ನ ಕಾಲಿಗೆ ಬೆಸುಗೆ ಹಾಕಿದ ಒಂದೇ ಒಂದು ಕೆಪಾಸಿಟರ್, ಮೇಲೆ 2.2 ಮೈಕ್ರೊಫ್ಯಾರಡ್ ಎಂದು ಬರೆದಿರುತ್ತದೆ. ಎಂಟು ಓಮ್ ಟ್ವೀಟರ್‌ಗೆ ಅಷ್ಟು ಚಿಕ್ಕದನ್ನು ಹಾಕಿದರೆ ಅದು ಪೂರ್ತಿ ಕೆಲಸ ಶುರುಮಾಡುವುದು ಸುಮಾರು 9,000 ಹರ್ಟ್ಸ್ ಮೇಲೆ. ಅದರ ಕೆಳಗಿನದೆಲ್ಲ ಊಫರ್‌ನ ತಲೆಗೆ. ಆರಿಂಚಿನ ಊಫರ್‌ನ ಕೋನ್ ಸುಮಾರು 13 ಸೆಂಟಿಮೀಟರ್ ಅಗಲ. 2,600 ಹರ್ಟ್ಸ್ ದಾಟಿದ ಮೇಲೆ ಅದರ ದನಿ ಟಾರ್ಚ್ ಬೆಳಕಿನಂತೆ ನೇರಕ್ಕಷ್ಟೇ ಹೋಗತೊಡಗುತ್ತದೆ. ‘ಶ’ಕಾರದ ಶಕ್ತಿಯೆಲ್ಲ ಮೂರು-ನಾಲ್ಕು ಸಾವಿರ ಹರ್ಟ್ಸ್ ಸುತ್ತ, ‘ಸ’ಕಾರದ್ದು ಐದರಿಂದ ಎಂಟು ಸಾವಿರದಲ್ಲಿ. ಟ್ವೀಟರ್ ಇನ್ನೂ ಎದ್ದಿಲ್ಲ, ಊಫರ್ ಆಗಲೇ ಸೋತಿದೆ ಎಂಬ ಆ ಖಾಲಿ ಜಾಗದಲ್ಲಿ ಈ ಅಕ್ಷರಗಳು ಬಿದ್ದುಹೋಗುತ್ತವೆ. ಪಕ್ಕದಲ್ಲಿ ಕೂತವರಿಗೆ ಎರಡೂ ಒಂದೇ ಸಿಳ್ಳಿನಂತೆ ಕೇಳುತ್ತವೆ.

ಇದಕ್ಕೆ ಮದ್ದು ದುಬಾರಿಯದಲ್ಲ. 4.7 ಮೈಕ್ರೊಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್ ಹಾಕಿದರೆ ಗಡಿ 4,200 ಹರ್ಟ್ಸ್‌ಗೆ ಇಳಿಯುತ್ತದೆ. ಟ್ವೀಟರ್ ಗಟ್ಟಿಮುಟ್ಟಾಗಿದ್ದು, ಒಂದು ಕೆಪಾಸಿಟರ್ ಜೊತೆ ಒಂದು ತಾಮ್ರದ ಕಾಯಿಲ್ ಸೇರಿಸಿ ಸರಿಯಾದ ಕ್ರಾಸ್‌ಓವರ್ ಮಾಡಿದರೆ ಮೂರು ಸಾವಿರದವರೆಗೂ ಇಳಿಸಬಹುದು. ಪೆಟ್ಟಿಗೆಯನ್ನೂ ಊಫರ್ ನೋಡಿ ಮಾಡಿಸಬೇಕು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಕೊಟ್ಟ ಸೂತ್ರಗಳಿಂದ ಯಾವ ಊಫರ್‌ಗೆ ಎಷ್ಟು ಲೀಟರ್ ಪೆಟ್ಟಿಗೆ ಎಂದು ನಿಖರವಾಗಿ ಲೆಕ್ಕ ಹಾಕಬಹುದು. ಅಂಕಿ ಕೊಟ್ಟರೆ ಲೆಕ್ಕ ಮಾಡಿಕೊಡುವ ಉಚಿತ ತಂತ್ರಾಂಶಗಳಿವೆ. ಒಳ ಅಳತೆ 20, 20, 25 ಸೆಂಟಿಮೀಟರ್ ಇದ್ದರೆ ಹತ್ತು ಲೀಟರ್. ಹದಿನೆಂಟು ಮಿಲಿಮೀಟರ್ ಪ್ಲೈವುಡ್‌ನಲ್ಲಿ ಗಾಳಿ ಸೋರದಂತೆ ಕೂಡಿಸುವ ಬಡಗಿಗಳು ಎರಡೂ ಊರುಗಳಲ್ಲಿದ್ದಾರೆ. ಅವರ ಕೈಗೆ ಅಳತೆ ಕೊಡುವವರು ಬೇಕಷ್ಟೆ. ಅಂಗಡಿಯ ಹುಡುಗರು ಬೆಸುಗೆಯಲ್ಲಿ ಪಳಗಿದವರು. ‘ಬೇಸ್ ಜಾಸ್ತಿ ಬರ್ಬೇಕಣ್ಣ’ ಎಂಬ ಬೇಡಿಕೆಯೊಂದೇ ಅವರಿಗೆ ಬರುವುದರಿಂದ ಅವರ ವಿದ್ಯೆ ಒಂದೇ ದಿಕ್ಕಿಗೆ ಬೆಳೆದಿದೆ. ‘ಮಾತು ಬಿಡಿಯಾಗಿ ಕೇಳಬೇಕು’ ಎಂದು ಕೇಳುವ ಗಿರಾಕಿಗಳು ಹೆಚ್ಚಿದರೆ ಅವರೇ ಇದನ್ನೂ ಮಾಡಿಕೊಡುತ್ತಾರೆ ಎಂಬ ನಂಬಿಕೆ ನನಗಿದೆ.

ಸ್ವತಃ ಇಷ್ಟು ತಲೆಕೆಡಿಸಿಕೊಳ್ಳಲು ಆಗದವರಿಗೆ ಮಾರುಕಟ್ಟೆಯಲ್ಲಿ ಕೆಲವು ದಾರಿಗಳಿವೆ. ಹತ್ತು ಸಾವಿರದ ಆಸುಪಾಸಿನಲ್ಲಿ ನಾನು ಮೊದಲು ಹೇಳುವುದು ಆಂಪ್ಲಿಫೈಯರ್ ಒಳಗೇ ಇರುವ ಜೋಡಿ ಬುಕ್‌ಶೆಲ್ಫ್ ಸ್ಪೀಕರ್. ಎಡಿಫೈಯರ್ ಆರ್1280ಟಿ ಇದಕ್ಕೆ ಒಳ್ಳೆಯ ಮಾದರಿ: ನಾಲ್ಕಿಂಚಿನ ಊಫರ್, ಒಟ್ಟು 42 ವ್ಯಾಟ್ ಆರ್‌ಎಂಎಸ್, ಮೊಬೈಲನ್ನೋ ಟಿವಿಯನ್ನೋ ವೈರ್‌ನಿಂದ ಸಿಕ್ಕಿಸಿದರೆ ಮುಗಿಯಿತು. ನೆಲ ನಡುಗುವುದಿಲ್ಲ, ಆದರೆ ಕಂಠ ಕಂಠವಾಗಿ ಬರುತ್ತದೆ.

ಇನ್ನೊಂದು ದಾರಿ, ಒಳಗೆ ಆಂಪ್ಲಿಫೈಯರ್ ಇಲ್ಲದ (ಪ್ಯಾಸಿವ್) ಒಳ್ಳೆಯ ಸ್ಪೀಕರ್ ಜೋಡಿ ಕೊಂಡು ಅದಕ್ಕೊಂದು ಕ್ಲಾಸ್-ಡಿ ಆಂಪ್ಲಿಫೈಯರ್ ಬೋರ್ಡ್ ಸೇರಿಸುವುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್ ಇರುವ ಬೋರ್ಡ್‌ಗಳು ಆನ್‌ಲೈನಿನಲ್ಲೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಸಿಗುತ್ತವೆ. ಅಂಗೈಯಗಲದ ಈ ಬೋರ್ಡ್‌ಗೆ ಭಾರದ ಟ್ರಾನ್ಸ್‌ಫಾರ್ಮರ್ ಬೇಡ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್ ಸಾಕು. ಎಂಟು ಓಮ್ ಸ್ಪೀಕರ್‌ಗೆ ಅದರಿಂದ ಸುಮಾರು 20 ವ್ಯಾಟ್ ಬರುತ್ತದೆ, ಮೇಲೆ ಲೆಕ್ಕ ಹಾಕಿದ್ದಕ್ಕೆ ಸರಿಸಮ. ವಿದ್ಯುತ್ತಿನ ಸುಮಾರು ಶೇಕಡಾ 90 ಭಾಗ ಸ್ಪೀಕರ್‌ಗೇ ಹೋಗುವುದರಿಂದ ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲೂ ಬೋರ್ಡ್ ಸುಡುವುದಿಲ್ಲ. ಕರೆಂಟ್ ಹೋದರೆ ಇನ್ವರ್ಟರ್‌ನ 12 ವೋಲ್ಟ್ ಬ್ಯಾಟರಿಗೇ ಫ್ಯೂಸ್ ಮೂಲಕ ನೇರ ಜೋಡಿಸಬಹುದು. ಆಗಲೂ ಎಂಟೊಂಬತ್ತು ವ್ಯಾಟ್ ಸಿಗುತ್ತದೆ. ಹಿಂದಿನ ಕಾಲದ ದೊಡ್ಡ ಆಂಪ್ಲಿಫೈಯರ್‌ಗಳ ಬಗ್ಗೆ ನನಗೂ ಪ್ರೀತಿಯಿದೆ, ಆದರೆ ಕಡಿಮೆ ದುಡ್ಡಿನವರ ಪಾಲಿಗೆ ಕಳೆದ ಎರಡು ದಶಕಗಳಲ್ಲಿ ಬಂದ ದೊಡ್ಡ ಉಪಕಾರ ಈ ಚಿಕ್ಕ ಚಿಪ್.

ಸೆಕೆಂಡ್‌ಹ್ಯಾಂಡ್ ಮಾಲು ಹುಡುಕುವವರಿಗೆ ಹಿಂದೂಪುರ ಅನುಕೂಲದ ಊರು: ಬೆಳಗಿನ ರೈಲು ಹತ್ತಿ ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿ ಬೆಂಗಳೂರು ಸೇರಿ, ಎಸ್.ಪಿ. ರೋಡ್ ಅಲೆದು ರಾತ್ರಿಗೆ ಮನೆಗೆ ಮರಳಬಹುದು. ಭಾನುವಾರವಾದರೆ ಚಿಕ್ಕಪೇಟೆ ಕಡೆಯ ಸಂಡೆ ಬಜಾರ್ ಕೂಡ ಇದೆ. ಹಳೆಯ ಮಿನಿ ಸ್ಟೀರಿಯೊ ಸೆಟ್‌ಗಳ ಸ್ಪೀಕರ್‌ಗಳಲ್ಲಿ ಎಷ್ಟೋ ಒಳ್ಳೆಯವಿರುತ್ತವೆ. ಕೊಳ್ಳುವ ಮುಂಚೆ ಜಾಲರಿ ತೆಗೆಸಿ ಊಫರ್‌ನ ಅಂಚು ಮುಟ್ಟಿ ನೋಡಬೇಕು. ರಬ್ಬರ್ ಅಂಚು ಬಾಳುತ್ತದೆ. ಫೋಮ್ ಅಂಚು ನಮ್ಮ ಬಿಸಿಲಿಗೆ ಪುಡಿಯಾಗಿ ಬೆರಳಿಗೆ ಅಂಟುತ್ತದೆ. ಬಳಿಕ ಎರಡೂ ಹೆಬ್ಬೆರಳಿನಿಂದ ಕೋನನ್ನು ಸಮನಾಗಿ ಮೆಲ್ಲಗೆ ಒಳಗೊತ್ತಿ ಬಿಡಿ. ಸದ್ದಿಲ್ಲದೆ ಹಿಂದೆ ಬಂದರೆ ಸರಿ, ‘ಕರಕರ’ ಎಂದರೆ ಕಾಯಿಲ್ ಉಜ್ಜುತ್ತಿದೆ ಎಂದರ್ಥ. ಕಲ್ಯಾಣದುರ್ಗದವರಿಗೆ ಬೆಂಗಳೂರಿಗಿಂತ ಅನಂತಪುರವೋ ಬಳ್ಳಾರಿಯೋ ಹತ್ತಿರ, ಆದರೆ ಅಲ್ಲಿ ಆಯ್ಕೆ ಕಡಿಮೆ. ಅವರ ಮುಖ್ಯ ದಾರಿ ಆನ್‌ಲೈನ್. ಹಾಗೆ ತರಿಸುವವರು ವಾರಂಟಿಗಿಂತ ಮೊದಲು ವಾಪಸ್ ಕಳಿಸುವ ಅವಧಿ ನೋಡಬೇಕು, ಆ ಅವಧಿ ಮುಗಿಯುವವರೆಗೆ ಡಬ್ಬಿ ಎಸೆಯಬಾರದು.

ಐದು ಚಿಕ್ಕ ಪೆಟ್ಟಿಗೆ, ಒಂದು ಸಬ್‌ಊಫರ್ ಇರುವ 5.1 ‘ಹೋಮ್ ಥಿಯೇಟರ್’ ಸಂಗೀತಕ್ಕೆ ಬೇಡ. ಹತ್ತು ಸಾವಿರವನ್ನು ಎರಡಕ್ಕೆ ಹಂಚುವುದಕ್ಕೂ ಆರಕ್ಕೆ ಹಂಚುವುದಕ್ಕೂ ಇರುವ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ಸೌಂಡ್‌ಬಾರ್ ಟಿವಿ ಮಾತಿಗೆ ಪರವಾಗಿಲ್ಲ. ಎರಡು ಸಾವಿರವೂ ಇಲ್ಲದ ವಿದ್ಯಾರ್ಥಿಗೆ ಸ್ಪೀಕರ್ ಆಸೆ ತೋರಿಸುವುದಕ್ಕಿಂತ ಒಳ್ಳೆಯ ವೈರ್ ಇಯರ್‌ಫೋನ್ ತೋರಿಸುವುದು ನ್ಯಾಯ. ಆ ಬೆಲೆಗೆ ಅದು ಕೊಡುವ ಸೂಕ್ಷ್ಮವನ್ನು ಹತ್ತು ಪಟ್ಟು ಬೆಲೆಯ ಸ್ಪೀಕರ್ ಕೂಡ ಕೊಡಲಾರದು. ಆದರೆ ಗಟ್ಟಿಯಾಗಿ ಇಡಬಾರದು: ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬಲ್‌ನಲ್ಲಿ.

ಈಗ ಕೋಣೆ. ಬರೆಯುವವರು ಇದನ್ನು ಕೊನೆಗೆ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಮಟ್ಟಿಗೆ ಸ್ಪೀಕರ್ ಬಿಟ್ಟರೆ ಮುಖ್ಯವಾದದ್ದು ಇದೇ, ಇದಕ್ಕೆ ಹೆಚ್ಚು ದುಡ್ಡೂ ಬೇಡ. ನಮ್ಮ ಕಡೆಯ ಮನೆ ಎಂದರೆ ಕಲ್ಲು ಚಪ್ಪಡಿಯ ಇಲ್ಲವೇ ಕಾಂಕ್ರೀಟಿನ ಸೂರು, ಸಿಮೆಂಟ್ ಗಾರೆ ಗೋಡೆ, ಕಡಪ ಕಲ್ಲಿನದೋ ಟೈಲ್ಸ್‌ನದೋ ನೆಲ. ಆರೂ ಮುಖ ಕಲ್ಲು. ಚಪ್ಪಾಳೆ ತಟ್ಟಿದರೆ ‘ಝಂಯ್’ ಎಂದು ಬಾಲ ಬರುತ್ತದೆ.

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಫಾಗ್ ಮ್ಯೂಸಿಯಂನ ಉಪನ್ಯಾಸ ಕೋಣೆಯಲ್ಲಿ ಇಂಥದೇ ಬಾಲದಿಂದಾಗಿ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ. ಸರಿಪಡಿಸುವ ಕೆಲಸ ವ್ಯಾಲೇಸ್ ಸೇಬಿನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕರ ಪಾಲಿಗೆ ಬಂತು. ಅವರು ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ದನಿ ಅಡಗಲು ಹಿಡಿಯುವ ಹೊತ್ತು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸ್ ಇಟ್ಟು ಬರುತ್ತಿದ್ದರು. ಅದರಿಂದ ಹುಟ್ಟಿದ ಸೂತ್ರವನ್ನು ನಮ್ಮ ಕೋಣೆಗೆ ಹಚ್ಚಿ ನೋಡೋಣ. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಖಾಲಿ ಕೋಣೆಯ ಪರಿಮಾಣ 34 ಘನ ಮೀಟರ್. ಗಾರೆ, ಕಲ್ಲು ಹೀರುವುದು ನೂರಕ್ಕೆ ಮೂರು ಪಾಲು ಎಂದಿಟ್ಟುಕೊಂಡರೆ ಅಲ್ಲಿ ದನಿ ಅಡಗಲು ಮೂರು ಸೆಕೆಂಡಿನ ಹತ್ತಿರ ಬೇಕು. ಸಂಗೀತ ಕೇಳುವ ಮನೆಕೋಣೆಗೆ ಬೇಕಾದ್ದು ಅರ್ಧ ಸೆಕೆಂಡಿಗಿಂತ ಕಡಿಮೆ. ಹಿಂದಿನ ಅಕ್ಷರ ಅಡಗುವ ಮೊದಲೇ ಮುಂದಿನ ನಾಲ್ಕು ಬಂದುಬಿಟ್ಟರೆ ಲಕ್ಷ ರೂಪಾಯಿಯ ಸ್ಪೀಕರ್ ಏನು ಮಾಡೀತು?

ಹೀರುವ ವಸ್ತು ನಮ್ಮ ಮನೆಗಳಲ್ಲೇ ಇದೆ. ಚಳ್ಳಕೆರೆಯ ಕಡೆಯಿಂದ ಬರುವ, ಕುರಿ ಉಣ್ಣೆಯ ಒರಟು ಕಂಬಳಿ ಬಹಳ ಒಳ್ಳೆಯ ಹೀರುಗ. ಇದರಲ್ಲೊಂದು ಗುಟ್ಟಿದೆ. ಗೋಡೆಗೆ ಒತ್ತಿ ಮೊಳೆ ಹೊಡೆದರೆ ಅದು ಮೇಲಿನ ಸ್ವರಗಳನ್ನಷ್ಟೇ ನುಂಗಿ ದನಿಯನ್ನು ಮಂಕು ಮಾಡುತ್ತದೆ. ಗೋಡೆಗೆ ಅಂಟಿದ ಜಾಗದಲ್ಲಿ ಗಾಳಿ ಅಲುಗುವುದಿಲ್ಲ. ಅಲುಗುವ ಗಾಳಿಯನ್ನು ತಡೆದಾಗಲೇ ಉಣ್ಣೆ ಕೆಲಸ ಮಾಡುವುದು. ಒಂದು ಸಾವಿರ ಹರ್ಟ್ಸ್‌ನ ತರಂಗ 34 ಸೆಂಟಿಮೀಟರ್ ಉದ್ದ. ಅದರ ಕಾಲುಭಾಗ, ಎಂದರೆ ಎಂಟೊಂಬತ್ತು ಸೆಂಟಿಮೀಟರ್ ದೂರದಲ್ಲಿ ಗಾಳಿಯ ಅಲುಗಾಟ ಹೆಚ್ಚು. ಹಾಗಾಗಿ ಕಂಬಳಿಯನ್ನು ಎರಡು ಮಡಿಕೆ ಮಾಡಿ, ಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ಪರದೆಯ ಸರಳಿನ ಮೇಲೆ ನೇತುಹಾಕಬೇಕು. ಎಲ್ಲಿ ಎಂದರೆ, ನೀವು ಕೂತ ಜಾಗದಿಂದ ನೋಡಿದಾಗ ಪಕ್ಕದ ಗೋಡೆಗೆ ಹಿಡಿದ ಕನ್ನಡಿಯಲ್ಲಿ ಸ್ಪೀಕರ್ ಕಾಣುವ ಜಾಗದಲ್ಲಿ. ಎಡಕ್ಕೊಂದು, ಬಲಕ್ಕೊಂದು. ನೆಲಕ್ಕೆ ಜಮಖಾನ, ಹಿಂದಿನ ಗೋಡೆಗೆ ಒರಗಿಸಿದ ಹತ್ತಿ ಹಾಸಿಗೆ, ಅದರ ಮೇಲೆ ಮಡಿಸಿಟ್ಟ ಕೌದಿಗಳು. ಇಷ್ಟಾದ ಮೇಲೆ ಮತ್ತೆ ಚಪ್ಪಾಳೆ ತಟ್ಟಿ ನೋಡಿ.

ಬೇಸ್ ಮಾತ್ರ ಕಂಬಳಿಗೆ ಬಗ್ಗುವುದಿಲ್ಲ. ಹನ್ನೆರಡಡಿ ಉದ್ದದ ಕೋಣೆ 47 ಹರ್ಟ್ಸ್‌ನಲ್ಲಿ, ಹತ್ತಡಿ ಅಗಲ 56 ಹರ್ಟ್ಸ್‌ನಲ್ಲಿ ತಾನೇ ಮೊಳಗುತ್ತದೆ. ಅಗಲವೂ ಎತ್ತರವೂ ಹತ್ತೇ ಅಡಿ ಇದ್ದರೆ 56ರ ಮೊಳಗು ಇಮ್ಮಡಿ. ಇದಕ್ಕೆ ಖರ್ಚಿಲ್ಲದ ಪರಿಹಾರ ಜಾಗ ಬದಲಿಸುವುದು: ಕುರ್ಚಿಯನ್ನು ಕೋಣೆಯ ನಟ್ಟನಡುವಿನಿಂದಲೂ ಹಿಂದಿನ ಗೋಡೆಯಿಂದಲೂ ಎರಡಡಿ ಸರಿಸಿದರೆ ಗುಂಯ್‌ಗುಡುವುದು ಎಷ್ಟೋ ತಗ್ಗುತ್ತದೆ. ಸ್ಪೀಕರನ್ನು ಷೋಕೇಸಿನ ಮೇಲೋ ಅಟ್ಟದ ಮೂಲೆಯಲ್ಲೋ ಏರಿಸುವ ರೂಢಿ ಬಿಡಬೇಕು. ಟ್ವೀಟರ್ ಕಿವಿಯ ಮಟ್ಟಕ್ಕಿರಬೇಕು. ಚಾಪೆ ಹಾಸಿ ನೆಲದ ಮೇಲೆ ಕೂತು ಕೇಳುವ ಮನೆಯಾದರೆ ಅದು ಎರಡೂವರೆ ಅಡಿ, ಕುರ್ಚಿಯಾದರೆ ಮೂರೂವರೆ. ಎರಡು ಸ್ಪೀಕರ್, ನೀವು, ಮೂವರೂ ಸಮಭುಜ ತ್ರಿಕೋನ. ಪೆಟ್ಟಿಗೆ ಚಿಕ್ಕದಾದರೆ ಅದರ ಬೆನ್ನಿಗಿರುವ ಗೋಡೆಗೆ ಒಂದಡಿಯಷ್ಟು ಹತ್ತಿರವಿಡಿ, ಗೋಡೆಯೇ ಬೇಸ್‌ಗೆ ಆಸರೆಯಾಗುತ್ತದೆ. ಮೂಲೆಗೆ ಮಾತ್ರ ತುರುಕಬೇಡಿ.

ಕರೆಂಟಿನ ಬಗ್ಗೆ ಈ ಸೀಮೆಗೇ ವಿಶೇಷವಾದ ಒಂದು ಮಾತಿದೆ. ಅನಂತಪುರ ಸೀಮೆಯ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಅಷ್ಟೆ. ಒಣ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಳಗೆಳೆಯುವುದಿಲ್ಲ, ಅರ್ಥಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಬೇಸಿಗೆಯಲ್ಲಿ ಆಂಪ್ಲಿಫೈಯರ್‌ನ ಲೋಹದ ಭಾಗ ಮುಟ್ಟಿದರೆ ಜುಮ್ಮೆನ್ನುವುದು, ಸ್ಪೀಕರ್‌ನಲ್ಲಿ ಸದಾ ‘ಹುಂಯ್’ ಎನ್ನುವುದು ಎಷ್ಟೋ ಮನೆಗಳಲ್ಲಿ ಇದೇ ಕಾರಣಕ್ಕೆ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥ್ ಗುಂಡಿ ಪರೀಕ್ಷಿಸಿ, ಇದ್ದಿಲು ಉಪ್ಪು ಹಾಕಿಸಿ, ವಾರಕ್ಕೊಂದೆರಡು ಸಲ ಒಂದು ಕೊಡ ನೀರು ಸುರಿಯಬೇಕು. ದನಿಯಷ್ಟೇ ಅಲ್ಲ, ಜೀವದ ಪ್ರಶ್ನೆಯೂ ಇದು. ಟಿವಿ, ಆಂಪ್ಲಿಫೈಯರ್ ಎರಡನ್ನೂ ಒಂದೇ ಸಾಕೆಟ್ ಸಾಲಿಗೆ ಸಿಕ್ಕಿಸಿದರೆ ಉಳಿದ ಗುಂಯ್ಕಾರವೂ ಬಹಳ ಸಲ ನಿಲ್ಲುತ್ತದೆ.

ವೈರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯ ವೈರಿಂಗ್‌ಗೆ ಬಳಸುವ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಹತ್ತಡಿ ದೂರಕ್ಕೆ ಧಾರಾಳ. ಮೂಲವಾಗಿ ಮೊಬೈಲ್ ಸಾಕು. ಇಯರ್‌ಫೋನ್ ತೂತಿಲ್ಲದ ಮೊಬೈಲಿಗೆ ಸಾವಿರದ ಆಸುಪಾಸಿನ ಯುಎಸ್‌ಬಿ-ಸಿ ಅಡಾಪ್ಟರ್ ಹಾಕಿದರೆ ಕಿವಿ ಕೊರತೆ ಹುಡುಕಲಾರದು. ಕೆಟ್ಟ ಕಾಪಿಯ ಹಾಡುಗಳನ್ನು ಮಾತ್ರ ಅಳಿಸಿಹಾಕಿ. ಪೆನ್‌ಡ್ರೈವಿಗೆ ಇನ್ನೂರು ಹಾಡು ತುಂಬಿಕೊಡುವಾಗ ಹಿಂಡಿಹಿಂಡಿ ಚಿಕ್ಕದು ಮಾಡಿದ ಫೈಲುಗಳನ್ನು ಯಾವ ಸ್ಪೀಕರೂ ಮತ್ತೆ ಅರಳಿಸಲಾರದು.

ಕೊಳ್ಳುವ ಮುಂಚಿನ ಪರೀಕ್ಷೆಗೆ ಅಂಗಡಿಯವರ ಹಾಡು ಬೇಡ, ನಿಮ್ಮದನ್ನೇ ಒಯ್ಯಿರಿ. ಬೇಸ್, ಟ್ರೆಬಲ್ ಎರಡನ್ನೂ ನಡುವಿಗೆ ತರಿಸಿ. ಮೊದಲು ಕನ್ನಡ ವಾರ್ತೆಯ ಒಂದೆರಡು ನಿಮಿಷ: ಶ, ಸ ಬೇರೆಬೇರೆ ಕೇಳಬೇಕು, ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದು ನಿಂತಾಗಲೂ. ಆಮೇಲೆ ನಿಮಗೆ ಬಾಯಿಪಾಠವಿರುವ ಒಂದು ಭಾವಗೀತೆ ಅಥವಾ ಕೀರ್ತನೆ. ಕೊನೆಗೆ ತಂಬೂರಿ ಶ್ರುತಿಯೊಂದನ್ನು ಬಹಳ ಸಣ್ಣಗೆ ಇಟ್ಟು ನೋಡಿ; ಸಣ್ಣ ದನಿಯಲ್ಲೂ ತಂತಿಯ ಜೀರು ಉಳಿದಿದ್ದರೆ ಆ ಸ್ಪೀಕರ್ ತೆಗೆದುಕೊಳ್ಳಬಹುದು. ಮನೆಯಲ್ಲಿ ನಾವು ಹೆಚ್ಚಾಗಿ ಕೇಳುವುದು ಸಣ್ಣಗೇ. ರಾತ್ರಿ ಹತ್ತರ ಮೇಲೆ ವಸತಿ ಪ್ರದೇಶದ ಶಬ್ದದ ಮಿತಿಯೇ 45 ಡೆಸಿಬಲ್ ಎಂದು 2000ನೇ ಇಸವಿಯ ನಿಯಮ ಹೇಳುತ್ತದೆ.

ಸೆಟ್ ಸಿದ್ಧವಾದ ಮೇಲೆ ಅದಕ್ಕೆ ಕೊಡಬೇಕಾದ ಮೊದಲ ಕೆಲಸವೂ ಮನೆಯಲ್ಲೇ ಇದೆ. ಟ್ರಂಕಿನೊಳಗಿನ ಕ್ಯಾಸೆಟ್‌ಗಳಲ್ಲಿ ಅಂಗಡಿಯಿಂದ ಕೊಂಡವು ಬೇರೆಡೆಯೂ ಸಿಕ್ಕಾವು. ಮದುವೆಯ ಸೋಬಾನೆ, ಭಜನೆಯ ತತ್ವಪದ, ಜಾತ್ರೆಯ ಕೋಲಾಟ, ಅಜ್ಜಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳಿದ ಕಥೆ ಇವು ಮನೆಯಲ್ಲೇ ಟೇಪ್‌ರೆಕಾರ್ಡರ್ ಇಟ್ಟು ಹಿಡಿದವು, ಒಂದೊಂದೇ ಪ್ರತಿ. ಓಡುವ ಸ್ಥಿತಿಯ ಒಂದು ಡೆಕ್ ಹುಡುಕಿ, ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹೆಡ್ ಒರೆಸಿ. ಕ್ಯಾಸೆಟ್ ಹಾಕುವ ಮುಂಚೆ ಅದರ ಬಾಯಲ್ಲಿ ಟೇಪಿನ ಹಿಂದಿರುವ ಚಿಕ್ಕ ಫೆಲ್ಟ್ ಮೆತ್ತೆ ಉದುರಿಲ್ಲವೇ ನೋಡಿ. ಉದುರಿದ್ದರೆ ಬೇರೆ ಖಾಲಿ ಕ್ಯಾಸೆಟ್ಟಿನದನ್ನು ಕಿತ್ತು ಅಂಟಿಸಬಹುದು. ದನಿ ಮಬ್ಬಾಗಿದ್ದರೆ ಹೆಡ್‌ನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ‘ಸ’ಕಾರ ಅತ್ಯಂತ ಚೂಪಾಗಿ ಕೇಳುವಲ್ಲಿ ನಿಲ್ಲಿಸಿ. ಡೆಕ್‌ನ ಲೈನ್-ಔಟ್‌ನಿಂದ ಯುಎಸ್‌ಬಿ ಸೌಂಡ್‌ಕಾರ್ಡ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ 44.1 ಕಿಲೋಹರ್ಟ್ಸ್ ವೇವ್ ಫೈಲಾಗಿ ದಾಖಲಿಸಿ. ಗಂಟೆಗೆ 635 ಮೆಗಾಬೈಟ್ ಹಿಡಿಯುತ್ತದೆ. 64 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ನೂರು ಗಂಟೆ. ಸಿ-90 ಕ್ಯಾಸೆಟ್‌ಗಳ ಟೇಪು ತೆಳು, ಬೇಗ ಸಿಕ್ಕಿಕೊಳ್ಳುತ್ತದೆ. ಅವನ್ನು ಮೊದಲು ಮುಗಿಸಿ. ಪ್ರತಿ ಫೈಲಿನ ಹೆಸರಿನಲ್ಲಿ ಊರು, ವರ್ಷ, ಹಾಡಿದವರ ಹೆಸರು ಸೇರಿಸಿ, ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ.